ಮಳೆ ರೋಹಿಣಿ, ಪಂಚಾಂಗದಲ್ಲಿ ಅನೂರಾಧ

2026ರ ಮೇ 31ರ ಭಾನುವಾರ ಬೆಳಿಗ್ಗೆ, ಹಾವೇರಿ ಜಿಲ್ಲೆಯ ನಮ್ಮೂರ ಗ್ರಂಥಾಲಯದಲ್ಲಿ ನಾನು ಆಡಿದ ಮಾತು ಇದು. ಬರಲಾಗದ ಕೆಲವರು ಬರೆದುಕೊಡಿ ಅಂದರು. ನಡುವೆ ಬಂದ ಪ್ರಶ್ನೆಗಳನ್ನೂ ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಯಾವ ನಕ್ಷತ್ರ?

(ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜ "ರೋಹಿಣಿ ನಡದೈತ್ರೀ" ಅಂದರು. ಗೋಡೆಯ ಕ್ಯಾಲೆಂಡರ್ ಹತ್ತಿರ ನಿಂತಿದ್ದ ಹುಡುಗಿ "ಇಲ್ಲಿ ಅನೂರಾಧ ಅಂತ ಐತಲ್ರೀ ಟೀಚರ್" ಅಂದಳು.)

ಇಬ್ಬರೂ ಹೇಳಿದ್ದು ಸರಿ. ಅಜ್ಜ ಹೇಳಿದ್ದು ಮಳೆ ನಕ್ಷತ್ರ. ಹುಡುಗಿ ಓದಿದ್ದು ದಿನದ ನಕ್ಷತ್ರ. ಪದ ಒಂದೇ, ಆದರೆ ಒಂದು ಸೂರ್ಯನದು, ಇನ್ನೊಂದು ಚಂದ್ರನದು.

ಆಕಾಶದಲ್ಲಿ ಸೂರ್ಯ ಚಂದ್ರ ಇಬ್ಬರೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಓಡಾಡುತ್ತಾರೆ. ಆ ದಾರಿಯ ಉದ್ದಕ್ಕೂ ನಕ್ಷತ್ರಗಳಿವೆ. ನಮ್ಮ ಹಿರಿಯರು ದಾರಿಯನ್ನು 27 ತುಂಡು ಮಾಡಿ ಒಂದೊಂದಕ್ಕೂ ಅಲ್ಲಿನ ನಕ್ಷತ್ರದ ಹೆಸರಿಟ್ಟರು. ಚಂದ್ರ ಇಡೀ ದಾರಿಯನ್ನು 27 ದಿನ ಚಿಲ್ಲರೆಯಲ್ಲಿ ಮುಗಿಸುತ್ತಾನೆ. ಹಾಗಾಗಿ ಅವನಿಗೆ ದಿನಕ್ಕೊಂದು ನಕ್ಷತ್ರ. ಸೂರ್ಯನಿಗೆ ಅದೇ ದಾರಿಗೆ ಒಂದು ವರ್ಷ ಬೇಕು. 365ನ್ನು 27ರಿಂದ ಭಾಗಿಸಿ. ಹದಿಮೂರೂವರೆ ದಿನ ಬರುತ್ತದೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಒಂದೊಂದೂ ಹದಿಮೂರು ಹದಿನಾಲ್ಕು ದಿನ ಇರುವುದು ಇದಕ್ಕೇ. ಮೇ 25ಕ್ಕೆ ಸೂರ್ಯ ರೋಹಿಣಿಗೆ ಬಂದ. ಜೂನ್ 8ಕ್ಕೆ ಮೃಗಶಿರಕ್ಕೆ ಹೋಗುತ್ತಾನೆ.

"ರೋಹಿಣಿ ಮಳೆಯಾದರೆ ಓಣಿಯೆಲ್ಲಾ ಜೋಳ" ಅನ್ನುತ್ತೀರಲ್ಲ, ಅದರೊಳಗೆ ಸೂರ್ಯ ಎಲ್ಲಿದ್ದಾನೆ ಅನ್ನುವ ಲೆಕ್ಕ ಇದೆ. ಬಿತ್ತನೆಗೆ ಬೇಕಾದದ್ದು ಸೂರ್ಯನ ಲೆಕ್ಕವೇ. ಮಳೆಗಾಲ ತರುವವನು ಅವನು, ಚಂದ್ರ ಅಲ್ಲ.

ಇನ್ನೊಂದು ಸಂಗತಿ. ಈಗ ರೋಹಿಣಿ ಮಳೆ, ಆದರೆ ರೋಹಿಣಿ ನಕ್ಷತ್ರವನ್ನು ಈ ವಾರ ನೀವು ನೋಡಲಾರಿರಿ. ಸೂರ್ಯ ಅದರ ದಿಕ್ಕಿನಲ್ಲೇ ಇದ್ದಾನೆ. ಹಗಲಿನ ಬೆಳಕಲ್ಲಿ ಅದು ಮುಳುಗಿಹೋಗಿದೆ. ಕೆಂಪು ಛಾಯೆಯ ಆ ಚಂದದ ನಕ್ಷತ್ರವನ್ನು ರಾತ್ರಿಯಿಡೀ ನೋಡಬೇಕಾದರೆ ಡಿಸೆಂಬರಿಗೆ ಕಾಯಬೇಕು.

ಇವತ್ತು ಹುಣ್ಣಿಮೆ. ಹುಣ್ಣಿಮೆ ಅಂದರೆ ಚಂದ್ರ ಸೂರ್ಯನಿಗೆ ನೇರ ಎದುರು. ಈಗ ಬೆರಳು ಮಡಚಿ ಎಣಿಸಿ. ಅಶ್ವಿನಿಯಿಂದ ರೋಹಿಣಿ ನಾಲ್ಕನೆಯದು. ಅನೂರಾಧ ಹದಿನೇಳನೆಯದು. ನಡುವೆ ಹದಿಮೂರು. ಇಪ್ಪತ್ತೇಳರ ಅರ್ಧ. ಅಜ್ಜ ಹೇಳಿದ ಮಳೆಯಿಂದಲೇ, ಇವತ್ತು ಹುಣ್ಣಿಮೆ ಅಂತ ಗೊತ್ತಿದ್ದರೆ, ಚಂದ್ರ ಎಲ್ಲಿದ್ದಾನೆ ಅಂತ ಕ್ಯಾಲೆಂಡರ್ ನೋಡದೆ ಹೇಳಬಹುದು. ಸಂಜೆ ಹೊತ್ತಿಗೆ ಅವನು ಅನೂರಾಧ ದಾಟಿ ಜ್ಯೇಷ್ಠಾ ನಕ್ಷತ್ರದ ಕಡೆ ಹೊರಳುತ್ತಾನೆ. ಹುಣ್ಣಿಮೆಯ ಚಂದ್ರ ಜ್ಯೇಷ್ಠೆಯ ಹತ್ತಿರ ಇರುವ ತಿಂಗಳೇ ಜ್ಯೇಷ್ಠ. ಚಿತ್ತೆಯ ಹತ್ತಿರ ಇದ್ದರೆ ಚೈತ್ರ. ವಿಶಾಖೆಯಾದರೆ ವೈಶಾಖ. ಕೃತ್ತಿಕೆಯಾದರೆ ಕಾರ್ತೀಕ.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ. ಭೂಮಿ, ಚಂದ್ರ, ಸೂರ್ಯನ ಬಗ್ಗೆ ಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುವ ಪದಗಳೆಲ್ಲ ಮನೆಯಲ್ಲಿ ಮೊದಲೇ ಇವೆ. ದಿನ, ತಿಂಗಳು, ವರ್ಷ, ತಿಥಿ, ಸಂಕ್ರಾಂತಿ, ಗ್ರಹಣ. ಒಂದೊಂದು ಪದ ಬಂದಾಗಲೂ ಎರಡು ಪ್ರಶ್ನೆ ಕೇಳಿ. ಯಾರು ಚಲಿಸುತ್ತಿದ್ದಾರೆ? ಯಾವುದನ್ನು ಗುರುತಾಗಿ ಇಟ್ಟುಕೊಂಡು ಅಳೆಯುತ್ತಿದ್ದಾರೆ? ಎರಡಕ್ಕೂ ಉತ್ತರ ಸಿಕ್ಕರೆ ಪದ ತಾನಾಗಿ ಅರ್ಥವಾಗುತ್ತದೆ.

ಮೊದಲು ಅಳತೆ ನೋಡೋಣ. ಪಠ್ಯಪುಸ್ತಕದ ಚಿತ್ರದಲ್ಲಿ ಸೂರ್ಯ, ಭೂಮಿ, ಚಂದ್ರ ಮೂರೂ ಒಂದೇ ಪುಟದಲ್ಲಿರುತ್ತವೆ. ಅದು ಅನಿವಾರ್ಯ. ಆದರೆ ಆ ಚಿತ್ರದಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಅದಕ್ಕೇ ನಾನು ಕಾಬೂಲಿ ಕಡಲೆ, ಸಾಸಿವೆ, ಒಂದು ಸ್ಕೇಲು ತಂದಿದ್ದೇನೆ.

ಈ ಕಡಲೆಕಾಳು ಸುಮಾರು ಒಂದು ಸೆಂಟಿಮೀಟರ್ ಇದೆ. ಇದು ಭೂಮಿ ಅಂದುಕೊಳ್ಳಿ. ನಿಜವಾದ ಭೂಮಿಯ ಅಡ್ಡಳತೆ 12,742 ಕಿಲೋಮೀಟರ್. ಚಂದ್ರನದು 3,474. ಅಂದರೆ ಚಂದ್ರ ಮೂರು ಮಿಲಿಮೀಟರಿಗೂ ಕಮ್ಮಿ, ಒಂದು ದಪ್ಪ ಸಾಸಿವೆ. ಇವೆರಡರ ನಡುವೆ ಎಷ್ಟು ದೂರ ಇಡಬೇಕು?

(ಮಕ್ಕಳು ನಾಲ್ಕು ಬೆರಳು, ಒಂದು ಗೇಣು ಅಂತ ತೋರಿಸಿದರು.)

ಚಂದ್ರ ಇರುವುದು ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿ. ನಮ್ಮ ಅಳತೆಯಲ್ಲಿ ಮೂವತ್ತು ಸೆಂಟಿಮೀಟರ್. ನೋಡಿ, ಸರಿಯಾಗಿ ಶಾಲೆಯ ಸ್ಕೇಲಿನಷ್ಟು. ಈ ತುದಿಗೆ ಕಡಲೆ, ಆ ತುದಿಗೆ ಸಾಸಿವೆ. ನಡುವೆ ಮೂವತ್ತು ಕಡಲೆಕಾಳು ಸಾಲಾಗಿ ಇಡುವಷ್ಟು ಜಾಗ ಖಾಲಿ. ಹಾಗಾದರೆ ಸೂರ್ಯ? ಎತ್ತಿನಗಾಡಿಯ ಸಣ್ಣ ಚಕ್ರದಷ್ಟು, ಒಂದು ಮೀಟರಿಗೂ ಸ್ವಲ್ಪ ಜಾಸ್ತಿ ಅಗಲದ ಚೆಂಡು. ಅದನ್ನು ಈ ಕೋಣೆಯಲ್ಲಿ ಇಡುವ ಹಾಗಿಲ್ಲ. ಹೊರಗೆ ಹೋಗಿ, ರಸ್ತೆ ದಾಟಿ, ಇಲ್ಲಿಂದ 117 ಮೀಟರ್ ದೂರದಲ್ಲಿ ನಿಲ್ಲಿಸಬೇಕು. ಆ ದೂರ ನಿಜದಲ್ಲಿ 14 ಕೋಟಿ 96 ಲಕ್ಷ ಕಿಲೋಮೀಟರ್. ಬೆಳಕಿಗೆ ಅಲ್ಲಿಂದ ಬರಲು ಎಂಟು ನಿಮಿಷ ಇಪ್ಪತ್ತು ಸೆಕೆಂಡು ಬೇಕು. ಚಂದ್ರನಿಂದ ಬರಲು ಒಂದೂಕಾಲು ಸೆಕೆಂಡು ಸಾಕು.

"ಹಂಗಾರ ಆದಿತ್ಯ ಎಲ್ಲೈತ್ರೀ?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಸೂರ್ಯನನ್ನು ನೋಡಲು ಇಸ್ರೋ ಕಳಿಸಿದ ಆದಿತ್ಯ-ಎಲ್1 ನೌಕೆ ಸೂರ್ಯನ ಹತ್ತಿರ ಹೋಗಿದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಈ ಕಡಲೆಯಿಂದ ಒಂದು ಮೀಟರ್ ಹದಿನೆಂಟು ಸೆಂಟಿಮೀಟರ್. ನಾನು ಕೈ ಚಾಚಿ ಬಗ್ಗಿದರೆ ಮುಟ್ಟುತ್ತದೆ. ಸೂರ್ಯ ಇನ್ನೂ ರಸ್ತೆಯಾಚೆಯೇ ಇದ್ದಾನೆ. ಅಲ್ಲಿಗೆ ಕಳಿಸಿದ್ದು ಹತ್ತಿರದಿಂದ ನೋಡಲಿ ಅಂತಲ್ಲ. ನಡುವೆ ಭೂಮಿ ಅಡ್ಡ ಬರದೆ ಹಗಲು ರಾತ್ರಿ ಇಲ್ಲದೆ ನೋಡುತ್ತಿರಲಿ ಅಂತ.

ಈಗ ದಿನಕ್ಕೆ ಬರೋಣ. ಭೂಮಿ ತನ್ನ ಸುತ್ತ ತಾನು ತಿರುಗುವುದು ಅಕ್ಷಭ್ರಮಣ. ಸೂರ್ಯನ ಸುತ್ತ ಹೋಗುವುದು ಪರಿಭ್ರಮಣ. ಭೂಮಿ ಒಂದು ಸುತ್ತು ತಿರುಗಲು ಎಷ್ಟು ಹೊತ್ತು?

(ಎಲ್ಲರೂ ಒಟ್ಟಿಗೆ "ಇಪ್ಪತ್ನಾಲ್ಕು ಗಂಟೆ" ಅಂದರು.)

ಇಲ್ಲ. 23 ಗಂಟೆ, 56 ನಿಮಿಷ, 4 ಸೆಕೆಂಡು. ಯಾವುದನ್ನು ಗುರುತಾಗಿ ಇಟ್ಟುಕೊಂಡಿರಿ ಅನ್ನುವುದು ಇಲ್ಲಿ ಬರುತ್ತದೆ. ಒಂದು ನಕ್ಷತ್ರ ನಿಮ್ಮ ಮನೆಯ ತೆಂಗಿನ ಮರದ ನೆತ್ತಿಗೆ ಬಂದ ಹೊತ್ತನ್ನು ಬರೆದಿಡಿ. ಮಾರನೆಯ ರಾತ್ರಿ ಅದು ನಾಲ್ಕು ನಿಮಿಷ ಮೊದಲೇ ಅಲ್ಲಿಗೆ ಬರುತ್ತದೆ. ಭೂಮಿ ನಿಜವಾಗಿ ಒಂದು ಸುತ್ತು ಮುಗಿಸಿದ್ದು ಆಗಲೇ. ಇದು ನಾಕ್ಷತ್ರಿಕ ದಿನ. ಆದರೆ ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಸೂರ್ಯ ಮತ್ತೆ ನೆತ್ತಿಗೆ ಬರಬೇಕಾದರೆ ಇನ್ನೂ ಸ್ವಲ್ಪ ತಿರುಗಬೇಕು. ಆ ಸ್ವಲ್ಪಕ್ಕೇ ನಾಲ್ಕು ನಿಮಿಷ. ಅದನ್ನೂ ಸೇರಿಸಿದರೆ ನಮ್ಮ ಗಡಿಯಾರದ 24 ಗಂಟೆ. ಅದು ಸೌರ ದಿನ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇದೆ. ಕ್ರಿ.ಶ. 499ರ ಆಸುಪಾಸಿನಲ್ಲಿ, 23ರ ಹರೆಯದ ಆರ್ಯಭಟ ಬರೆದದ್ದು. 43,20,000 ವರ್ಷಗಳ ಒಂದು ಯುಗ ತೆಗೆದುಕೊಂಡ. ಅಷ್ಟರಲ್ಲಿ ಭೂಮಿ ತನ್ನ ಸುತ್ತ 1,58,22,37,500 ಬಾರಿ ತಿರುಗುತ್ತದೆ ಅಂದ. ಭೂಮಿ ತಿರುಗುತ್ತದೆ ಅಂತಲೇ ಹೇಳಿದ, ಗಮನಿಸಿ. ದೋಣಿಯಲ್ಲಿ ಕೂತವನಿಗೆ ದಡದ ಮರಗಳು ಹಿಂದಕ್ಕೆ ಓಡಿದ ಹಾಗೆ ಕಾಣುತ್ತದಲ್ಲ, ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವುದೂ ಹಾಗೇ ಅಂತ ವಿವರಿಸಿದ. ಆ ಯುಗದಲ್ಲಿ ಬರುವ ದಿನಗಳು 1,57,79,17,500.

ಯಾರಾದರೂ ಬಂದು ಬೋರ್ಡಿನ ಮೇಲೆ ಕಳೆಯಿರಿ. ದೊಡ್ಡದರಲ್ಲಿ ಚಿಕ್ಕದು.

(ಒಂಬತ್ತನೆಯ ಕ್ಲಾಸಿನ ಹುಡುಗಿ ಬಂದು ಕಳೆದಳು. 43,20,000 ಬಂತು. "ಅರೆ, ಅದ ವರ್ಷದ ಲೆಕ್ಕ ಬಂತಲ್ರೀ!" ಅಂದಳು.)

ನೋಡಿದಿರಾ? ಭೂಮಿ ತಿರುಗಿದ ಸುತ್ತುಗಳಿಗಿಂತ ನಾವು ಕಾಣುವ ದಿನಗಳು ವರ್ಷಕ್ಕೆ ಸರಿಯಾಗಿ ಒಂದು ಕಮ್ಮಿ. ವರ್ಷದಲ್ಲಿ ಭೂಮಿ ತಿರುಗುವುದು 366 ಸುತ್ತು ಮತ್ತು ಕಾಲು. ಬೆಳಗಾಗುವುದು 365 ಮತ್ತು ಕಾಲು. ಸೂರ್ಯನ ಸುತ್ತ ಹೋಗುವುದರಲ್ಲೇ ಒಂದು ಸುತ್ತು ಕರಗಿಹೋಯಿತು. ಆರ್ಯಭಟನ ಅಂಕಿಗಳನ್ನು ಭಾಗಿಸಿದರೆ ನಾಕ್ಷತ್ರಿಕ ದಿನ 23 ಗಂಟೆ 56 ನಿಮಿಷ 4 ಸೆಕೆಂಡು ಬರುತ್ತದೆ. ದೂರದರ್ಶಕ ಇಲ್ಲ, ಸೆಕೆಂಡು ತೋರಿಸುವ ಗಡಿಯಾರ ಇಲ್ಲ. ಎಷ್ಟೋ ತಲೆಮಾರು ಕಣ್ಣಿನಿಂದ ನೋಡಿ ನೋಡಿ ಕೂಡಿಟ್ಟ ಲೆಕ್ಕ ಅದು. ನನಗೆ ಇದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುವಾಗಲೂ ಮೈ ಜುಮ್ಮೆನ್ನುತ್ತಿತ್ತು.

ಇದೇ ಕಳೆಯುವ ಲೆಕ್ಕವೇ ತಿಂಗಳಿಗೂ ಬರುತ್ತದೆ. ತಿಂಗಳು ಅನ್ನುವ ನಮ್ಮ ಪದಕ್ಕೆ ಹಳೆಗನ್ನಡದಲ್ಲಿ ಚಂದ್ರ ಅಂತಲೇ ಅರ್ಥ. ಬೆಳದಿಂಗಳು ಅಂದಾಗ ನಾವು ಇವತ್ತಿಗೂ ಆ ಅರ್ಥದಲ್ಲೇ ಬಳಸುತ್ತೇವೆ. ಚಂದ್ರ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರಲು 27.32 ದಿನ. ಆದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಯಾಕೆ? ಹುಣ್ಣಿಮೆಗೆ ಗುರುತು ನಕ್ಷತ್ರ ಅಲ್ಲ, ಸೂರ್ಯ. 27 ದಿನದಲ್ಲಿ ಸೂರ್ಯ ಎರಡು ಮಳೆ ನಕ್ಷತ್ರ ದಾಟಿ ಮುಂದೆ ಹೋಗಿರುತ್ತಾನೆ. ಅವನ ಎದುರಿಗೆ ಬರಲು ಚಂದ್ರನಿಗೆ ಇನ್ನೂ ಎರಡು ದಿನ ಚಿಲ್ಲರೆ ಬೇಕು. ಆರ್ಯಭಟನ ಯುಗದಲ್ಲಿ ಚಂದ್ರನ ಸುತ್ತು 5,77,53,336. ಅದರಲ್ಲಿ ಸೂರ್ಯನ 43,20,000 ಕಳೆಯಿರಿ. ಉಳಿದದ್ದು ಹುಣ್ಣಿಮೆಗಳ ಲೆಕ್ಕ. ದಿನಗಳನ್ನು ಅದರಿಂದ ಭಾಗಿಸಿದರೆ 29.53.

ತಿಥಿ ಇದರ ಮರಿ. ಸೂರ್ಯ ಚಂದ್ರರ ನಡುವಿನ ಕೋನ 12 ಡಿಗ್ರಿ ಬೆಳೆದರೆ ಒಂದು ತಿಥಿ. 360 ಡಿಗ್ರಿಗೆ ಮೂವತ್ತು ತಿಥಿ. ತಿಥಿ ಬೆಳಗಿನಿಂದ ಬೆಳಗಿಗೆ ಯಾಕೆ ಇರುವುದಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಚಂದ್ರ ಒಂದೇ ವೇಗದಲ್ಲಿ ಓಡುವುದಿಲ್ಲ. ಭೂಮಿಗೆ ಹತ್ತಿರ ಇದ್ದಾಗ ಬೇಗ, ದೂರ ಇದ್ದಾಗ ನಿಧಾನ. ಹಾಗಾಗಿ ಒಂದು ತಿಥಿ ಕೆಲವೊಮ್ಮೆ ಇಪ್ಪತ್ತು ಗಂಟೆಗೇ ಮುಗಿಯುತ್ತದೆ, ಕೆಲವೊಮ್ಮೆ ಇಪ್ಪತ್ತಾರರವರೆಗೂ ಎಳೆಯುತ್ತದೆ. ಇವತ್ತಿನ ಹುಣ್ಣಿಮೆ ತುಂಬುವುದು ಮಧ್ಯಾಹ್ನ ಎರಡೂಕಾಲಿಗೆ. ಆಗ ಚಂದ್ರ ನಮ್ಮೂರ ಆಕಾಶದಲ್ಲೇ ಇರುವುದಿಲ್ಲ. ಹುಣ್ಣಿಮೆ ಅನ್ನುವುದು ಒಂದು ಕ್ಷಣ. ಅದು ಇಡೀ ಭೂಮಿಗೆ ಒಂದೇ. ರಾತ್ರಿ ನಮ್ಮದು, ಅಷ್ಟೇ.

ಅಂದಹಾಗೆ, ಇವತ್ತಿನದು ಈ ವರ್ಷದ ಅತಿ ಚಿಕ್ಕ ಹುಣ್ಣಿಮೆ. ಚಂದ್ರ ತನ್ನ ದಾರಿಯ ದೂರದ ತುದಿಯಲ್ಲಿದ್ದಾನೆ, 4,06,000 ಕಿಲೋಮೀಟರ್ ಆಚೆ. ಡಿಸೆಂಬರ್ 24ರ ಹುಣ್ಣಿಮೆಗೆ 3,57,000ದ ಹತ್ತಿರ ಬರುತ್ತಾನೆ. ಎರಡೂ ದಿನ ಒಂದೇ ಮೊಬೈಲಿನಿಂದ, ಒಂದೇ ಜೂಮ್ ಇಟ್ಟು ಫೋಟೋ ತೆಗೆದು ಪಕ್ಕಪಕ್ಕ ಇಡಿ. ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

(ಒಬ್ಬ ತಾಯಿ ಕೇಳಿದರು: "ಈ ಸಲ ಅಧಿಕ ಮಾಸ ಯಾಕ ಬಂತ್ರೀ? ಕೆಟ್ಟದ್ದಾ?")

ಇಲ್ಲ ತಾಯಿ, ಅದು ಬುದ್ಧಿವಂತಿಕೆಯ ತಿಂಗಳು. ಹನ್ನೆರಡು ಚಂದ್ರ ತಿಂಗಳು ಸೇರಿದರೆ 354 ದಿನ. ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಹಾಗೇ ಬಿಟ್ಟರೆ ಯುಗಾದಿ ಹಿಂದೆ ಹಿಂದೆ ಸರಿದು ಚಳಿಗಾಲಕ್ಕೆ ಬರುತ್ತದೆ, ಆಮೇಲೆ ಮಳೆಗಾಲಕ್ಕೆ. ಅದನ್ನು ತಡೆಯಲು ಮೂವತ್ತೆರಡು ಮೂವತ್ಮೂರು ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸುತ್ತಾರೆ. ಯಾವುದನ್ನು ಸೇರಿಸಬೇಕು ಅನ್ನುವುದಕ್ಕೂ ಚಂದದ ನಿಯಮ ಇದೆ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯ ರಾಶಿ ಬದಲಿಸದಿದ್ದರೆ ಅದು ಅಧಿಕ.

ಈ ಸಲದ್ದನ್ನೇ ನೋಡಿ. ಮೇ 15ಕ್ಕೆ ಸೂರ್ಯ ವೃಷಭ ರಾಶಿಗೆ ಬಂದ. ಅಮಾವಾಸ್ಯೆ ಮುಗಿದದ್ದು ಮೇ 17ರ ನಸುಕಿಗೆ. ಮುಂದಿನ ಅಮಾವಾಸ್ಯೆ ಮುಗಿಯುವುದು ಜೂನ್ 15ರ ಬೆಳಿಗ್ಗೆ. ಸೂರ್ಯ ಮಿಥುನಕ್ಕೆ ಹೋಗುವುದೂ ಅದೇ ಜೂನ್ 15, ಆದರೆ ಅಮಾವಾಸ್ಯೆ ಮುಗಿದ ಮೇಲೆ. ಕೆಲವೇ ಗಂಟೆಗಳ ಅಂತರ. ಆ ಕೆಲವು ಗಂಟೆಗಳಿಂದಲೇ ಈ ಜ್ಯೇಷ್ಠ ಅಧಿಕವಾಯಿತು. ನಿಜ ಜ್ಯೇಷ್ಠ ಮುಂದೆ ಬರುತ್ತದೆ. ಕರಾವಳಿಯ ತುಳುನಾಡಿನಲ್ಲಿ ಈ ತಾಪತ್ರಯವೇ ಇಲ್ಲ. ಅವರ ತಿಂಗಳು ಸೂರ್ಯನದು. ಪಗ್ಗು ತಿಂಗಳು ಪ್ರತಿ ವರ್ಷ ಏಪ್ರಿಲ್ ನಡುವೆಯೇ ಬರುತ್ತದೆ.

ಚಂದ್ರನ ಇನ್ನೊಂದು ಸಂಗತಿ. ಅವನು ನಮಗೆ ಯಾವಾಗಲೂ ಒಂದೇ ಮುಖ ತೋರಿಸುತ್ತಾನೆ. ಹಾಗಾದರೆ ಚಂದ್ರ ತನ್ನ ಸುತ್ತ ತಿರುಗುವುದಿಲ್ಲವಾ? ನೀವು ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತೀರಲ್ಲ, ಅದನ್ನು ನೆನಪಿಸಿಕೊಳ್ಳಿ. ದೇವರು ಯಾವಾಗಲೂ ನಿಮ್ಮ ಬಲಕ್ಕೇ ಇರುತ್ತಾನೆ. ಗರ್ಭಗುಡಿಗೆ ನಿಮ್ಮ ಎಡಭಾಗ ಕಾಣುವುದೇ ಇಲ್ಲ. ಆದರೆ ಒಂದು ಸುತ್ತು ಮುಗಿಯುವ ಹೊತ್ತಿಗೆ ನೀವು ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ನಾಲ್ಕೂ ದಿಕ್ಕಿಗೆ ಮುಖ ಮಾಡಿರುತ್ತೀರಿ. ಅಂದರೆ ನೀವೂ ಒಂದು ಸುತ್ತು ತಿರುಗಿದಿರಿ ಅಂತಾಯಿತು. ಚಂದ್ರ ಮಾಡುತ್ತಿರುವುದು ಪ್ರದಕ್ಷಿಣೆ.

ಹಾಗಾಗಿ ಚಂದ್ರನಿಗೆ ನಮಗೆ ಕಾಣದ ಬದಿ ಇದೆ, ಕತ್ತಲ ಬದಿ ಅಂತ ಒಂದಿಲ್ಲ. ಆ ಬದಿಗೂ ಬಿಸಿಲು ಬೀಳುತ್ತದೆ. ಅಲ್ಲಿ ಬೆಳಗಿನಿಂದ ಬೆಳಗಿಗೆ ನಮ್ಮ ಇಪ್ಪತ್ತೊಂಬತ್ತೂವರೆ ದಿನ. ಸುಮಾರು ಎರಡು ವಾರ ಹಗಲು, ಎರಡು ವಾರ ರಾತ್ರಿ. ಚಂದ್ರಯಾನ-3 ನೆನಪಿದೆಯಲ್ಲ, 2023ರ ಆಗಸ್ಟ್ 23. ಬೆಂಗಳೂರಿನ ಪೀಣ್ಯದ ಕೇಂದ್ರದಲ್ಲಿ ಕೂತವರು ಚಪ್ಪಾಳೆ ತಟ್ಟಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅವರು ಆ ದಿನವನ್ನೇ ಆರಿಸಿಕೊಂಡದ್ದು ಯಾಕೆ? ಇಳಿಯುವ ಜಾಗದಲ್ಲಿ ಆಗತಾನೆ ಬೆಳಗಾಗುತ್ತಿತ್ತು. ಸೌರಫಲಕಕ್ಕೆ ಪೂರ್ತಿ ಒಂದು ಹಗಲಿನ ಬಿಸಿಲು ಸಿಗಬೇಕಿತ್ತು. ಸೆಪ್ಟೆಂಬರ್ 2ಕ್ಕೆ ಪ್ರಜ್ಞಾನ್, 4ಕ್ಕೆ ವಿಕ್ರಮ್ ನಿದ್ದೆಗೆ ಹೋದವು. ಅಲ್ಲಿ ಸಂಜೆಯಾಗುತ್ತಾ ಬಂದಿತ್ತು.

ವರ್ಷದ ವಿಷಯದಲ್ಲೂ ಗುರುತು ಎರಡು. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರುವುದು ಒಂದು ವರ್ಷ. ಹಗಲು ರಾತ್ರಿ ಸಮವಾದ ದಿನದಿಂದ ಮತ್ತೆ ಅಲ್ಲಿಗೇ ಬರುವುದು ಇನ್ನೊಂದು. ಎರಡಕ್ಕೂ ಇಪ್ಪತ್ತು ನಿಮಿಷ ವ್ಯತ್ಯಾಸ. ಭೂಮಿಯ ಅಕ್ಷ ಬುಗುರಿಯ ಹಾಗೆ ತುಂಬಾ ನಿಧಾನವಾಗಿ ತೂಗುವುದೇ ಇದಕ್ಕೆ ಕಾರಣ. ಒಂದು ಸಲ ತೂಗಿ ಮುಗಿಸಲು ಸುಮಾರು 26,000 ವರ್ಷ.

ಇಪ್ಪತ್ತು ನಿಮಿಷ ಏನು ಮಹಾ ಅನ್ನಬೇಡಿ. 72 ವರ್ಷಕ್ಕೆ ಅದು ಒಂದು ದಿನ ಆಗುತ್ತದೆ. ಸೂರ್ಯ ದಕ್ಷಿಣದ ಕೊನೆ ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ನಿಜವಾದ ಉತ್ತರಾಯಣ ಶುರುವಾಗುವುದು ಅಂದೇ. ನಾವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷದ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಸಂಕ್ರಾಂತಿಗೆ ಗುರುತು ನಕ್ಷತ್ರ, ಅದಕ್ಕೇ ಅದು ಮೆಲ್ಲಗೆ ಮುಂದೆ ಸರಿಯುತ್ತಿದೆ. ವಿವೇಕಾನಂದರು ಹುಟ್ಟಿದ್ದು ಸಂಕ್ರಾಂತಿಯ ದಿನ. ಅವರ ಜಯಂತಿ ಮಾತ್ರ ನಾವು ಜನವರಿ 12ಕ್ಕೆ ಮಾಡುತ್ತೇವೆ. 1863ರಲ್ಲಿ ಸಂಕ್ರಾಂತಿ ಬಂದದ್ದೇ 12ಕ್ಕೆ!

ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಸಾವಿರಾರು ಜನ ಸೇರುತ್ತಾರೆ. ನವೆಂಬರ್ ಕೊನೆಯಲ್ಲೂ ಬಿಸಿಲು ಹಾಗೇ ಬೀಳುತ್ತದೆ, ಆಗ ನೋಡಲು ಅಷ್ಟು ಜನ ಇರುವುದಿಲ್ಲ. ಲೆಕ್ಕ ಹಾಕಿ. ಡಿಸೆಂಬರ್ 21ರಿಂದ ಜನವರಿ 14ಕ್ಕೆ 24 ದಿನ. ಹಿಂದಕ್ಕೆ 24 ದಿನ ಎಣಿಸಿದರೆ ನವೆಂಬರ್ 27. ಸೂರ್ಯ ದಕ್ಷಿಣಕ್ಕೆ ಹೋಗುವಾಗ ಮುಳುಗಿದ ಜಾಗದಲ್ಲೇ ವಾಪಸ್ ಬರುವಾಗಲೂ ಮುಳುಗುತ್ತಾನೆ.

ಸೂರ್ಯ ಹೀಗೆ ತೆಂಕಣ ಬಡಗಣ ಓಡಾಡಲು ಕಾರಣ ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದು. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಅನ್ನುವುದು ತಪ್ಪು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕುವ ಹೊತ್ತಿಗೆ. ಅತಿ ದೂರ ಜುಲೈ ಮೊದಲ ವಾರದಲ್ಲಿ. ಎರಡಕ್ಕೂ ಐವತ್ತು ಲಕ್ಷ ಕಿಲೋಮೀಟರ್ ವ್ಯತ್ಯಾಸ. ನಮ್ಮ ಅಳತೆಯಲ್ಲಿ 117 ಮೀಟರಿಗೆ ನಾಲ್ಕು ಮೀಟರಿನಷ್ಟೇ. ಬಿಸಿಲಿನ ಕಾವು ನಿರ್ಧಾರವಾಗುವುದು ಅದು ಎಷ್ಟು ನೇರ ಬೀಳುತ್ತದೆ ಅನ್ನುವುದರಿಂದ.

ಪೂರ್ತಿ ನೇರ ಬೀಳುವ ದಿನ ವರ್ಷಕ್ಕೆ ಎರಡು ಸಲ ಬರುತ್ತದೆ. ಕಂಬಕ್ಕೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಅಂತಾರೆ. ಬೆಂಗಳೂರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18. ನಮ್ಮ ಹಾವೇರಿ ಕಡೆಗೆ ಏಪ್ರಿಲ್ ಕೊನೆ, ಆಮೇಲೆ ಆಗಸ್ಟ್ ಎರಡನೇ ವಾರ. ಬೀದರಿಗೆ ಮೇ ಎರಡನೇ ವಾರ. ಅದು ಹನ್ನೆರಡು ಗಂಟೆಗೆ ಆಗುವುದಿಲ್ಲ, ನೆನಪಿರಲಿ. ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕೆ ದೂರದಲ್ಲಿರುವ ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಕಡೆಯ ರೇಖೆಯ ಮೇಲೆ. ನಮ್ಮೂರಿಗೆ ನಡುಹಗಲು ಬರುವುದು ಹನ್ನೆರಡೂವರೆ ಸುಮಾರಿಗೆ. ಈಗ ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿದ್ದಾನೆ. ಮನೆಗೆ ಹೋಗುವಾಗ ಮೋಡ ಸರಿದಿದ್ದರೆ ನೆರಳು ನೋಡಿಕೊಳ್ಳಿ. ದಕ್ಷಿಣಕ್ಕೆ ಬಿದ್ದಿರುತ್ತದೆ. ದಿಲ್ಲಿಯವರಿಗೆ ಇದನ್ನು ನೋಡುವ ಭಾಗ್ಯ ಇಲ್ಲ.

ಗ್ರಹಣ ಉಳಿಯಿತು. ಇವತ್ತೂ ಹುಣ್ಣಿಮೆ, ಆದರೆ ಗ್ರಹಣ ಇಲ್ಲ. ಯಾಕೆ ಅಂತ ಸ್ಕೇಲಿನಲ್ಲೇ ನೋಡಬಹುದು. ಚಂದ್ರನ ದಾರಿ ಸೂರ್ಯನ ದಾರಿಗೆ ಐದು ಡಿಗ್ರಿ ಓರೆ. ಮೂವತ್ತು ಸೆಂಟಿಮೀಟರ್ ದೂರದಲ್ಲಿ ಐದು ಡಿಗ್ರಿ ಅಂದರೆ ಸುಮಾರು 2.7 ಸೆಂಟಿಮೀಟರ್. ಭೂಮಿಯ ದಟ್ಟ ನೆರಳು ಅಲ್ಲಿ ಏಳು ಮಿಲಿಮೀಟರ್ ಅಗಲ ಮಾತ್ರ. ಸಾಸಿವೆ ನೆರಳಿನ ಮೇಲೋ ಕೆಳಗೋ ಹಾದುಹೋಗುತ್ತದೆ. ಎರಡು ದಾರಿ ಕತ್ತರಿಸುವ ಜಾಗದಲ್ಲೇ ಹುಣ್ಣಿಮೆಯೋ ಅಮಾವಾಸ್ಯೆಯೋ ಬಿದ್ದರೆ ಮಾತ್ರ ಗ್ರಹಣ. ಆ ಎರಡು ಜಾಗಗಳ ಹೆಸರೇ ರಾಹು ಮತ್ತು ಕೇತು. ಅವು ಬಿಂದುಗಳು, ಗಣಿತದ ಗುರುತುಗಳು. ಈ ವರ್ಷ ಸೂರ್ಯ ಅವುಗಳ ಹತ್ತಿರ ಇದ್ದದ್ದು ಫೆಬ್ರುವರಿ ಮಾರ್ಚಿನಲ್ಲಿ, ಮತ್ತೆ ಇರುವುದು ಆಗಸ್ಟಿನಲ್ಲಿ. ಗ್ರಹಣಗಳೂ ಆಗಲೇ. ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ನೆರಳು ಮುಚ್ಚುತ್ತದೆ ಅಂತ ಆರ್ಯಭಟ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದಾನೆ.

1868ರ ಆಗಸ್ಟ್ 18ರ ಖಗ್ರಾಸ ಗ್ರಹಣ, ಅಂದರೆ ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ಗ್ರಹಣ, ನೋಡಲು ಇಂಗ್ಲೆಂಡಿನಿಂದ ಜಾನ್ ಹರ್ಷೆಲ್ ಎನ್ನುವ ಸೇನಾಧಿಕಾರಿಗೆ ಉಪಕರಣ ಕಳಿಸಿದ್ದರು. ಅವರು ಬಿಡಾರ ಹೂಡಿದ್ದು ನಮ್ಮ ಜಮಖಂಡಿಯಲ್ಲಿ. ಅದೇ ಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ನೋಡಿದರು. ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ನೋಡುವ ಆ ಕೆಲಸದಿಂದಲೇ ಮುಂದೆ ಹೀಲಿಯಂ ಅನ್ನುವ ಅನಿಲ ಗೊತ್ತಾಯಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

1980ರ ಫೆಬ್ರುವರಿ 16ಕ್ಕೆ ಮತ್ತೆ ಖಗ್ರಾಸ. ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ನಾನು ಆಗ ಹುಬ್ಬಳ್ಳಿಯಲ್ಲಿ ಎಂಟನೆಯ ಕ್ಲಾಸು. ಮನೆಯವರು ಕಿಟಕಿಗೆ ಕಂಬಳಿ ಕಟ್ಟಿ ನಮ್ಮನ್ನೆಲ್ಲ ಒಳಗೆ ಕೂರಿಸಿದರು. ಹೊರಗೆ ಹಗಲಲ್ಲಿ ಎರಡೂವರೆ ನಿಮಿಷದಷ್ಟು ಕತ್ತಲಾಯಿತು. ಹಕ್ಕಿಗಳು ಗೂಡಿಗೆ ಹೋದ ಸದ್ದು ಮಾತ್ರ ಕೇಳಿದೆ. ಅವರು ಪ್ರೀತಿಯಿಂದಲೇ ಹಾಗೆ ಮಾಡಿದ್ದು, ಕಣ್ಣಿಗೆ ತೊಂದರೆಯಾಗದಿರಲಿ ಅಂತ. ಆದರೆ ನನ್ನ ತಲೆಯ ಮೇಲೆ ಬಂದ ಒಂದೇ ಒಂದು ಖಗ್ರಾಸವನ್ನು ನಾನು ನೋಡಲಿಲ್ಲ. ಭಾರತದಲ್ಲಿ ಮುಂದಿನದು 2034ರ ಮಾರ್ಚ್ 20ಕ್ಕೆ, ಅದೂ ಲಡಾಖಿನ ಕಡೆ.

2019ರ ಡಿಸೆಂಬರ್ 26ಕ್ಕೆ ಕೊಡಗಿನ ಕುಟ್ಟದ ಕಡೆ ಹೋಗಿ ಕಂಕಣ ಗ್ರಹಣ ನೋಡಿದೆ. ಗ್ರಹಣದ ಕನ್ನಡಕ ಹಾಕಿಕೊಂಡು, ನನ್ನ ವಿದ್ಯಾರ್ಥಿಗಳ ಜೊತೆ. ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಬಳೆಯಾಗಿ ನಿಂತ. ಸೂರ್ಯ ಚಂದ್ರನಿಗಿಂತ 400 ಪಟ್ಟು ದೊಡ್ಡವನು, ದೂರವೂ ಸುಮಾರು ಅಷ್ಟೇ ಪಟ್ಟು. ಅದಕ್ಕೇ ಇಬ್ಬರೂ ಒಂದೇ ಗಾತ್ರ ಕಾಣುತ್ತಾರೆ. ಅಂದು ಚಂದ್ರ ಸ್ವಲ್ಪ ದೂರ ಇದ್ದ, ಡಿಸೆಂಬರ್ ಆದ್ದರಿಂದ ಸೂರ್ಯ ಸ್ವಲ್ಪ ಹತ್ತಿರ ಇದ್ದ. ಚಂದ್ರನಿಗೆ ಸೂರ್ಯನನ್ನು ಪೂರ್ತಿ ಮುಚ್ಚಲಾಗಲಿಲ್ಲ. ಅಂಚು ಉಳಿಯಿತು. ನನ್ನ ಪಕ್ಕದಲ್ಲಿದ್ದ ಹುಡುಗಿ ಅಳುತ್ತಿದ್ದಳು. ನಾನೂ.

(ಕೊನೆಗೆ ಬೋರ್ಡಿನಲ್ಲಿ ಲೆಕ್ಕ ಕಳೆದ ಹುಡುಗಿಯೇ ಕೈ ಎತ್ತಿದಳು. "ಟೀಚರ್, ಚಂದ್ರನ ಮ್ಯಾಲೆ ನಿಂತ್ರ ಭೂಮಿಗೂ ಹುಣ್ಣಿಮಿ ಅಮಾಸಿ ಇರ್ತಾವೇನ್ರೀ?")

ಇರುತ್ತವೆ ಮಗಾ, ನಮ್ಮದಕ್ಕೆ ತಿರುಗುಮುರುಗು. ಇವತ್ತು ರಾತ್ರಿ ಅಲ್ಲಿ ನಿಂತವರಿಗೆ ಭೂಮಿಯ ಅಮಾವಾಸ್ಯೆ. ನಮ್ಮ ಅಮಾವಾಸ್ಯೆಯ ದಿನ ಅವರಿಗೆ ಭೂಮಿ ತುಂಬಿ ಹೊಳೆಯುತ್ತದೆ, ನಮ್ಮ ಹುಣ್ಣಿಮೆ ಚಂದ್ರನಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ ಅಗಲ. ಚಂದ್ರ ಒಂದೇ ಮುಖ ತೋರಿಸುತ್ತಾನಲ್ಲ, ಅದಕ್ಕೇ ಅಲ್ಲಿ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಆಕಾಶದ ಒಂದೇ ಕಡೆ ನಿಂತು ದೊಡ್ಡದಾಗುತ್ತಾ ಚಿಕ್ಕದಾಗುತ್ತಾ ಇರುತ್ತದೆ. ಆ ಬೆಳಕನ್ನು ನೀನು ಇಲ್ಲಿಂದಲೇ ನೋಡಬಹುದು. ಜೂನ್ 17ರ ಸಂಜೆ, ಮೃಗಶಿರಾ ಮಳೆ ಬಿಡುವು ಕೊಟ್ಟರೆ, ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ ನೋಡು. ಶುಕ್ರನ ಹತ್ತಿರ ತೆಳ್ಳಗಿನ ಚಂದ್ರ ಇರುತ್ತಾನೆ. ಆ ಗೆರೆಯ ಒಳಗೆ ಉಳಿದ ಚಂದ್ರನೂ ಮಬ್ಬಾಗಿ, ಬೂದಿ ಬಣ್ಣದಲ್ಲಿ ಕಾಣುತ್ತಾನೆ. ಅದು ಸೂರ್ಯನ ಬಿಸಿಲು ನಮ್ಮ ಮೋಡ, ನಮ್ಮ ಸಮುದ್ರದ ಮೇಲೆ ಬಿದ್ದು, ಅಲ್ಲಿಗೆ ಹೋಗಿ, ಮತ್ತೆ ನಿನ್ನ ಕಣ್ಣಿಗೆ ಬಂದದ್ದು.